ಹತ್ತಿರದ ಕೆಲಸಕ್ಕೆ ಯಾವ ಕನ್ನಡಕ? ಕಸೂತಿ ಹಾಕುವ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನಗೆ 49 ವರ್ಷ. ಧಾರವಾಡದಲ್ಲಿ ಮನೆಯಲ್ಲೇ ಕಸೂತಿ ಹಾಕುತ್ತೇನೆ, ಮಧ್ಯಾಹ್ನ ನಾಲ್ಕಾರು ಹುಡುಗಿಯರಿಗೆ ಕಲಿಸುತ್ತೇನೆ. ಕಾಲೇಜಿನ ದಿನಗಳಿಂದಲೂ ದೂರಕ್ಕೆ ಮೈನಸ್ ನಂಬರಿನ ಕನ್ನಡಕವಿದೆ. ಹತ್ತಿರದ್ದು ಮಸುಕಾಗತೊಡಗಿದ ಮೇಲೆ, ಕಳೆದ ವರ್ಷ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ತಪಾಸಣೆ ಮಾಡಿಸಿ, ಅವರು ಹೇಳಿದಂತೆ ದೂರ, ಹತ್ತಿರ ಎರಡಕ್ಕೂ ಆಗುವ ದುಬಾರಿ ಪ್ರೊಗ್ರೆಸಿವ್ ಕನ್ನಡಕ ಮಾಡಿಸಿದೆ. ಚೀಟಿಯಲ್ಲಿ ಬಲಗಣ್ಣಿಗೆ ಮೈನಸ್ 1.25, ಸಿಲಿಂಡರ್ ಮೈನಸ್ 0.75, ಆಕ್ಸಿಸ್ 90 ಎಂದೂ ಎಡಗಣ್ಣಿಗೆ ಮೈನಸ್ 1.75 ಎಂದೂ ಎರಡಕ್ಕೂ ಆಡ್ ಪ್ಲಸ್ 1.50 ಎಂದೂ ಬರೆದಿದೆ. ರಸ್ತೆಯಲ್ಲಿ, ಬಜಾರಿನಲ್ಲಿ ಏನೂ ತೊಂದರೆಯಿಲ್ಲ. ಕಸೂತಿಗೆ ಕುಳಿತರೆ ಮಾತ್ರ ಗದ್ದ ಎತ್ತಿ ನೋಡಬೇಕು, ಕುತ್ತಿಗೆ ನೋಯುತ್ತದೆ, ಎಳೆ ಎಣಿಸುವಾಗ ಬದಿಗಳು ಮಸುಕಾಗುತ್ತವೆ. ಕಪ್ಪು ಚಂದ್ರಕಾಳಿ ಸೀರೆಯ ಮೇಲಂತೂ ಲೆಕ್ಕವೇ ತಪ್ಪುತ್ತದೆ. ಕನ್ನಡಕ ತೆಗೆದು ಬಟ್ಟೆಯನ್ನು ಹತ್ತಿರ ಹಿಡಿದರೆ ಇದಕ್ಕಿಂತ ಚೆನ್ನಾಗಿ ಕಾಣುತ್ತದೆ. ಹಾಗೆ ಮಾಡಿದರೆ ಕಣ್ಣು ಕೆಡುತ್ತದೆಯೇ? ಜಾತ್ರೆಯಲ್ಲಿ ಕೊಂಡ ಪ್ಲಸ್ 2ರ ರೆಡಿಮೇಡ್ ಕನ್ನಡಕ ಹಾಕಿದರೆ ತಲೆ ತಿರುಗುತ್ತದೆ. ಚಾಳೀಸು ಒಮ್ಮೆ ಹಾಕಿದರೆ ನಂಬರು ಏರುತ್ತಲೇ ಹೋಗುತ್ತದೆ ಎಂದು ಅಕ್ಕ ಹೆದರಿಸುತ್ತಾಳೆ, ಬ್ಲೂ ಕಟ್ ಹಾಕಿಸು ಎಂದು ಮಗ ಹೇಳುತ್ತಾನೆ, ಈಗ ಕಣ್ಣಿಗೆ ಬಿಡುವ ಹನಿಯೇ ಬಂದಿದೆಯಂತೆ ಎಂದು ನೆರೆಯವರು. ನನ್ನ ತಾಯಿಗೆ ಗ್ಲಾಕೋಮಾ ಇತ್ತು. ನಾನು ಯಾವ ಕನ್ನಡಕ ಮಾಡಿಸಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದರೊಳಗೊಂದು ಸೇರಿಕೊಂಡಿವೆ. ದುಡ್ಡು ಕೊಟ್ಟು ಮಾಡಿಸಿದ ಕನ್ನಡಕ ನಿಮ್ಮ ಮುಖ್ಯ ಕೆಲಸಕ್ಕೇ ಒದಗುತ್ತಿಲ್ಲ ಎಂಬುದು ಒಂದು. ಕನ್ನಡಕ ಹಾಕಿದರೂ ಕಣ್ಣು ಕೆಡುತ್ತದೆ, ತೆಗೆದರೂ ಕೆಡುತ್ತದೆ ಎಂಬ ಭಯ ಇನ್ನೊಂದು. ಎರಡನೆಯದನ್ನು ಮೊದಲೇ ದೂರ ಮಾಡುತ್ತೇನೆ. ನಿಮ್ಮ ವಯಸ್ಸಿನಲ್ಲಿ ಕನ್ನಡಕ ಹಾಕುವುದರಿಂದಾಗಲಿ, ತೆಗೆದಿಡುವುದರಿಂದಾಗಲಿ, ತಪ್ಪು ನಂಬರಿನದನ್ನು ಕೆಲವು ಕಾಲ ಹಾಕಿಕೊಂಡಿದ್ದರಿಂದಾಗಲಿ ಕಣ್ಣಿನ ಒಳಗೆ ಏನೂ ಹಾಳಾಗುವುದಿಲ್ಲ. ತಲೆನೋವು, ಕುತ್ತಿಗೆ ನೋವು, ಕಣ್ಣು ಭಾರವಾಗುವುದು, ಎಣಿಕೆ ತಪ್ಪಿ ಹಾಕಿದ್ದನ್ನು ಬಿಚ್ಚಬೇಕಾಗುವುದು, ಇವೆಲ್ಲ ನಿಜವಾದ ತೊಂದರೆಗಳೇ, ಆದರೆ ಅವು ದಣಿವಿನ ತೊಂದರೆಗಳು. ಇನ್ನು ಮೊದಲನೆಯ ಆತಂಕಕ್ಕೆ ಬಂದರೆ, ನಿಮ್ಮ ಚೀಟಿಯ ನಂಬರುಗಳಲ್ಲಿ ನನಗೆ ಎದ್ದು ಕಾಣುವ ತಪ್ಪೇನೂ ಇಲ್ಲ. ನೀವು ಬಟ್ಟೆಯನ್ನು ಎಷ್ಟು ದೂರದಲ್ಲಿ ಹಿಡಿದು ಕೆಲಸ ಮಾಡುತ್ತೀರಿ ಎಂದು ಆ ಅಂಗಡಿಯಲ್ಲಿ ಯಾರೂ ಕೇಳಿಲ್ಲ ಎಂಬುದು ಮಾತ್ರ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಹತ್ತಿರ ನೋಡಲು ಕಣ್ಣು ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಅದು ತಿಳಿದರೆ ಉಳಿದ ಲೆಕ್ಕವನ್ನು ನೀವೇ ಹಾಕಬಹುದು. ಕಣ್ಣಿನೊಳಗಿನ ಮಸೂರವು ಚಿಕ್ಕ ವಯಸ್ಸಿನಲ್ಲಿ ಮೆತ್ತಗಿರುತ್ತದೆ. ಹತ್ತಿರದ ವಸ್ತುವನ್ನು ನೋಡುವಾಗ ಅದರ ಸುತ್ತಲಿನ ಸ್ನಾಯು ಸಂಕುಚಿಸಿ, ಮಸೂರ ಉಬ್ಬಿ, ಅದರ ಶಕ್ತಿ ಹೆಚ್ಚುತ್ತದೆ. ಈ ಶಕ್ತಿಯನ್ನು ಡಯಾಪ್ಟರ್‌ನಲ್ಲಿ ಅಳೆಯುತ್ತಾರೆ. ಚೀಟಿಯಲ್ಲಿ ನೀವು ನೋಡುವ ನಂಬರು ಇದೇ. ಒಂದನ್ನು ಮೀಟರಿನಲ್ಲಿರುವ ದೂರದಿಂದ ಭಾಗಿಸಿದರೆ ಆ ದೂರಕ್ಕೆ ಬೇಕಾದ ಡಯಾಪ್ಟರ್ ಸಿಗುತ್ತದೆ: 50 ಸೆಂಟಿಮೀಟರಿಗೆ 2, 40 ಸೆಂಟಿಮೀಟರಿಗೆ 2.50, 30 ಸೆಂಟಿಮೀಟರಿಗೆ ಸುಮಾರು 3.33, 25 ಸೆಂಟಿಮೀಟರಿಗೆ 4. ಹತ್ತು ವರ್ಷದ ಮಗುವಿನ ಕಣ್ಣು ಹತ್ತಕ್ಕೂ ಹೆಚ್ಚು ಡಯಾಪ್ಟರುಗಳನ್ನು ಸಲೀಸಾಗಿ ಕೂಡಿಸಿಕೊಳ್ಳುತ್ತದೆ, ಹಾಗಾಗಿ ಮಕ್ಕಳು ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಓದಬಲ್ಲರು. ಮಸೂರ ಜೀವನವಿಡೀ ಬೆಳೆಯುತ್ತ, ಗಟ್ಟಿಯಾಗುತ್ತ ಹೋಗುವುದರಿಂದ ಈ ಸಾಮರ್ಥ್ಯ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ನಲವತ್ತರ ಆಸುಪಾಸಿನಲ್ಲಿ ಆ ಇಳಿತ ಕೆಲಸಕ್ಕೆ ಅಡ್ಡಬರತೊಡಗುತ್ತದೆ, ಅರವತ್ತರ ಹೊತ್ತಿಗೆ ಹೆಚ್ಚುಕಡಿಮೆ ಏನೂ ಉಳಿದಿರುವುದಿಲ್ಲ. ಚಾಳೀಸು ಎಂದರೆ ಇಷ್ಟೇ. ಇದು ಸ್ನಾಯುವಿನ ಸೋಮಾರಿತನವಲ್ಲವಾದ್ದರಿಂದ ಕಣ್ಣಿನ ವ್ಯಾಯಾಮದಿಂದ ಸರಿಹೋಗುವುದಿಲ್ಲ. ಗಜ್ಜರಿ ತಿನ್ನುವುದು ಒಳ್ಳೆಯದೇ, ಎ ಜೀವಸತ್ವದ ಕೊರತೆಯಿಂದ ಬರುವ ಇರುಳುಗಣ್ಣನ್ನು ಅದು ತಡೆಯಬಲ್ಲದು; ಗಟ್ಟಿಯಾದ ಮಸೂರವನ್ನು ಮೆತ್ತಗೆ ಮಾಡಲಾರದು. ಜೇನುತುಪ್ಪ, ಈರುಳ್ಳಿ ರಸ ಇತ್ಯಾದಿಗಳನ್ನು ಕಣ್ಣಿಗೆ ಬಿಟ್ಟುಕೊಂಡು ಉರಿ, ಸೋಂಕು ಹತ್ತಿಸಿಕೊಂಡು ಬರುವವರನ್ನು ನಮ್ಮ ಚಿಕಿತ್ಸಾಲಯದಲ್ಲಿ ಈಗಲೂ ನೋಡುತ್ತೇವೆ.

ನಿಮ್ಮ ಅಕ್ಕ ಹೇಳುವ ಮಾತಿಗೆ ಒಂದು ಕಾರಣವಿದೆ. ನಲವತ್ತೈದಕ್ಕೆ ಚಾಳೀಸು ಹಾಕಿದವರ ನಂಬರು ಐವತ್ತೈದರ ಹೊತ್ತಿಗೆ ಏರಿರುತ್ತದೆ, ಇದನ್ನು ಅವರು ಕಣ್ಣಾರೆ ಕಂಡಿರುತ್ತಾರೆ. ಆದರೆ ಹಾಕದೆ ಹಟ ಹಿಡಿದವರ ಮಸೂರವೂ ಅಷ್ಟೇ ವೇಗದಲ್ಲಿ ಗಟ್ಟಿಯಾಗಿರುತ್ತದೆ. ಅವರು ಐವತ್ತೈದರಲ್ಲಿ ಮೊದಲ ಸಲ ತಪಾಸಣೆಗೆ ಬಂದಾಗ ನೇರವಾಗಿ ದೊಡ್ಡ ನಂಬರೇ ಬರುತ್ತದೆ. ಕನ್ನಡಕಕ್ಕೆ ಒಗ್ಗಿದ ಮೇಲೆ ಅದಿಲ್ಲದ ಮಸುಕು ಮೊದಲಿಗಿಂತ ಹೆಚ್ಚು ಅನ್ನಿಸುವುದು ಸಹಜ, ಏಕೆಂದರೆ ಸ್ಪಷ್ಟವಾಗಿ ಕಾಣುವುದು ಹೇಗಿರುತ್ತದೆ ಎಂಬುದು ಈಗ ನೆನಪಿರುತ್ತದೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಚೀಟಿಯಲ್ಲಿ ಆಡ್ ಎಂದು ಬರೆಯುವುದು ದೂರದ ನಂಬರಿನ ಮೇಲೆ ಹತ್ತಿರಕ್ಕಾಗಿ ಕೂಡಿಸುವ ಪ್ಲಸ್ ಶಕ್ತಿಯನ್ನು. ಕಂಪ್ಯೂಟರ್ ತಪಾಸಣೆ ಎಂದು ಕರೆಯುವ ಯಂತ್ರವು ದೂರದ ನಂಬರಿನ ಅಂದಾಜನ್ನಷ್ಟೇ ಕೊಡುತ್ತದೆ. ಆಡ್ ಎಷ್ಟೆಂಬುದನ್ನು ಸಾಮಾನ್ಯವಾಗಿ ವಯಸ್ಸು ಕೇಳಿ, 40 ಸೆಂಟಿಮೀಟರ್ ದೂರದಲ್ಲಿ ಅಕ್ಷರದ ಕಾರ್ಡ್ ಓದಿಸಿ ನಿರ್ಧರಿಸುತ್ತಾರೆ. 40 ಸೆಂಟಿಮೀಟರಿಗೆ ಬೇಕಾದ 2.50ರಲ್ಲಿ 1.50 ಕನ್ನಡಕ ಕೊಡುತ್ತದೆ, ಉಳಿದ 1.00 ನಿಮ್ಮ ಕಣ್ಣಿನ ದುಡಿಮೆ. ಪತ್ರಿಕೆ ಓದುವವರಿಗೆ ಇದು ಹಿತವಾದ ಹಂಚಿಕೆ. ಆದರೆ ಕಸೂತಿಯಲ್ಲಿ ನಕ್ಷೆ ಅಚ್ಚೊತ್ತಿಕೊಳ್ಳುವುದಿಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ಹೊಲಿಗೆಗಳೆಲ್ಲವೂ ನೇಯ್ಗೆಯ ಎಳೆಗಳನ್ನು ಎಣಿಸಿಯೇ ಆಗಬೇಕು. ಈ ಕೆಲಸ ಮಾಡುವವರು ಬಟ್ಟೆಯನ್ನು ಬಹುಮಟ್ಟಿಗೆ 30 ಸೆಂಟಿಮೀಟರಿಗೆ ತಂದುಕೊಳ್ಳುತ್ತಾರೆ. ಆಗ ಬೇಕಾದದ್ದು 3.33, ಕನ್ನಡಕದ 1.50 ಕಳೆದರೆ ಕಣ್ಣಿನ ಪಾಲಿಗೆ 1.83 ಉಳಿಯಿತು, ಅಂದರೆ ಹಂಚಿಕೆ ಮಾಡಿದಾಗ ಇದ್ದುದಕ್ಕಿಂತ ಹತ್ತಿರಹತ್ತಿರ ಎರಡರಷ್ಟು. ಅರ್ಧ ತಾಸು ಕಣ್ಣು ಅದನ್ನು ನಿಭಾಯಿಸೀತು, ಆಮೇಲೆ ದಣಿಯುತ್ತದೆ. ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುವ ಗವಂತಿಯಲ್ಲಿ ಹೋಗುವಾಗ ಒಂದು ಎಳೆ ತಪ್ಪಿದರೆ ಬರುವಾಗ ಖಾಲಿ ಜಾಗ ಕೂಡುವುದಿಲ್ಲ ಎಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ.

ಇದರ ಮೇಲೆ ಪ್ರೊಗ್ರೆಸಿವ್ ಲೆನ್ಸಿನ ಸ್ವಭಾವವೂ ಸೇರಿಕೊಂಡಿದೆ. 1959ರಲ್ಲಿ ಫ್ರಾನ್ಸಿನಲ್ಲಿ ಬರ್ನಾರ್ ಮೇತೆನಾಜ್ ರೂಪಿಸಿದ ವ್ಯಾರಿಲಕ್ಸ್ ಮಾರುಕಟ್ಟೆಗೆ ಬಂದಂದಿನಿಂದ ಈ ಬಗೆಯ ಲೆನ್ಸ್ ಬಹಳ ಸುಧಾರಿಸಿದೆ, ಆದರೆ ಅದರ ಮೂಲ ಕಟ್ಟುಪಾಡು ಬದಲಾಗಿಲ್ಲ. ಮೇಲೆ ದೂರದ ಶಕ್ತಿ, ಕೆಳಗೆ ಹತ್ತಿರದ ಶಕ್ತಿ, ನಡುವೆ ಶಕ್ತಿ ಮೆಲ್ಲಗೆ ಏರುವ ಕಿರಿದಾದ ಓಣಿ. ಗೆರೆ ಕಾಣದಂತೆ ಶಕ್ತಿಯನ್ನು ಏರಿಸಿದರೆ ಓಣಿಯ ಎರಡೂ ಬದಿಗೆ ಮಸುಕು ಹುಟ್ಟಲೇಬೇಕು. ಆಡ್ ಹೆಚ್ಚಿದಷ್ಟೂ, ಓಣಿ ಗಿಡ್ಡವಾದಷ್ಟೂ ಆ ಮಸುಕು ಹೆಚ್ಚು. ಇದು ಗಣಿತದ ನಿಯಮ, ದುಬಾರಿ ಲೆನ್ಸ್ ಅದನ್ನು ಹಂಚಿ ತೆಳುವಾಗಿಸುತ್ತದೆಯೇ ಹೊರತು ಅಳಿಸಿಹಾಕುವುದಿಲ್ಲ. ಹತ್ತಿರದ ಪೂರ್ಣ ಶಕ್ತಿ ಸಿಗುವುದು ಲೆನ್ಸಿನ ಕೆಳತುದಿಯಲ್ಲಿ ಮಾತ್ರ. ಮಡಿಲಲ್ಲಿ ಪುಸ್ತಕ ಇಟ್ಟುಕೊಂಡವರ ಕಣ್ಣು ತಾನಾಗಿ ಅಲ್ಲಿಗೆ ಇಳಿಯುತ್ತದೆ. ನೀವು ಕಸೂತಿಯ ರಿಂಗನ್ನು ಎದೆಯ ಮಟ್ಟದಲ್ಲಿ ಹಿಡಿಯುತ್ತೀರಿ, ಆಗ ದೃಷ್ಟಿ ಹಾಯುವುದು ಓಣಿಯ ನಡುವಿನಿಂದ, ಅಲ್ಲಿ ಆಡ್‌ನ ಅರ್ಧವಷ್ಟೇ ಇರುತ್ತದೆ. ಉಳಿದರ್ಧಕ್ಕಾಗಿ ಗದ್ದ ಮೇಲೇರುತ್ತದೆ. ನಿಮ್ಮ ಕುತ್ತಿಗೆ ನೋವಿನ ಮೂಲ ಇದೇ ಇರಬೇಕು.

ಹಾಗೆಂದು ಅಂಗಡಿಯವರ ಜೋಡಣೆ ಸರಿಯಿದೆ ಎಂದು ನಾನು ಒಪ್ಪಿಬಿಡುತ್ತಿಲ್ಲ. ಪ್ರೊಗ್ರೆಸಿವ್ ಲೆನ್ಸನ್ನು ಕೂರಿಸುವಾಗ ಎರಡೂ ಕಣ್ಣಿನ ಪಾಪೆಗಳ ಅಂತರವನ್ನೂ ಫ್ರೇಮಿನೊಳಗೆ ಪಾಪೆಯ ಎತ್ತರವನ್ನೂ, ನೀವು ಆ ಫ್ರೇಮನ್ನು ಹಾಕಿಕೊಂಡಿರುವಾಗಲೇ ಅಳೆಯಬೇಕು. ಎತ್ತರ ಎರಡು ಮೂರು ಮಿಲಿಮೀಟರ್ ಕೆಳಗಾದರೂ ಗದ್ದ ಎತ್ತುವ ಕಾಟ ಶುರುವಾಗುತ್ತದೆ. ಲೆನ್ಸಿನ ಮೇಲೆ ಬೆಳಕಿಗೆ ಹಿಡಿದರೆ ಕಾಣುವ ಸಣ್ಣ ಕೆತ್ತನೆಗಳಿರುತ್ತವೆ. ಅವುಗಳ ಆಧಾರದಲ್ಲಿ ಅಂಗಡಿಯವರು ಗುರುತು ಹಾಕಿ, ನಿಮ್ಮ ಮುಖದ ಮೇಲೆಯೇ ಪರೀಕ್ಷಿಸಿ ತೋರಿಸಬಹುದು. ಅದನ್ನು ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ. ಅಳತೆ ಸರಿಯಿದೆ ಎಂದಾದರೆ ಈ ಕನ್ನಡಕ ರಸ್ತೆ, ಬಜಾರು, ಮದುವೆಮನೆ, ಮೊಬೈಲಿಗೆ ಚೆನ್ನಾಗಿಯೇ ಇದೆ, ಅದಕ್ಕೇ ಇಟ್ಟುಕೊಳ್ಳಿ.

ಕನ್ನಡಕ ತೆಗೆದರೆ ನಿಮಗೆ ಚೆನ್ನಾಗಿ ಕಾಣುವುದರಲ್ಲಿ ವಿಚಿತ್ರವೇನೂ ಇಲ್ಲ. ಮೈನಸ್ ಕಣ್ಣು ಎಂದರೆ ದೂರಕ್ಕೆ ಮಸುಕಾಗಿ ಹತ್ತಿರಕ್ಕೆ ತಾನಾಗಿಯೇ ಹೊಂದಿಕೊಂಡಿರುವ ಕಣ್ಣು. ನಿಮ್ಮ ಎಡಗಣ್ಣು ಬರಿಗಣ್ಣಾಗಿದ್ದಾಗ, ಯಾವ ಶ್ರಮವೂ ಇಲ್ಲದೆ, ಸುಮಾರು 57 ಸೆಂಟಿಮೀಟರಿನಲ್ಲಿ ಸ್ಪಷ್ಟವಾಗಿ ನೋಡುತ್ತದೆ; 1.75ರ ಆಡ್ ಹುಟ್ಟಿನಿಂದಲೇ ಬಂದಂತೆ. 30 ಸೆಂಟಿಮೀಟರಿಗೆ ಬರಲು ಅದು ಇನ್ನು 1.58 ದುಡಿದರೆ ಸಾಕು. ಇದು ನಿಮ್ಮ ಪ್ರೊಗ್ರೆಸಿವ್ ಅತ್ಯುತ್ತಮ ಸ್ಥಿತಿಯಲ್ಲಿ ಕೇಳುವುದಕ್ಕಿಂತ ಕಡಿಮೆ, ಗದ್ದ ಎತ್ತುವ ಕಾಟವೂ ಇಲ್ಲ, ಬದಿಯ ಮಸುಕೂ ಇಲ್ಲ. ಮೈನಸ್ ಎರಡು, ಎರಡೂವರೆ ಇರುವ ಎಷ್ಟೋ ಮಂದಿ ಐವತ್ತು ದಾಟಿದ ಮೇಲೂ ಕನ್ನಡಕ ತೆಗೆದೇ ಓದುತ್ತಾರೆ, ನಾನು ಅವರನ್ನು ತಡೆಯುವುದಿಲ್ಲ. ಧೈರ್ಯವಾಗಿ ತೆಗೆದು ನೋಡಿ.

ನಿಮ್ಮ ವಿಷಯದಲ್ಲಿ ಬರಿಗಣ್ಣೇ ಪೂರ್ಣ ಉತ್ತರವಾಗದಿರುವುದಕ್ಕೆ ಕಾರಣ ಬಲಗಣ್ಣಿನ ಸಿಲಿಂಡರ್. ಕಣ್ಣಿನ ಮುಂಭಾಗದ ಬಾಗು ಎಲ್ಲ ದಿಕ್ಕಿಗೂ ಒಂದೇ ಆಗಿರದಿದ್ದಾಗ ಒಂದು ದಿಕ್ಕಿನ ಗೆರೆಗಳು ಒಂದು ದೂರದಲ್ಲಿ, ಇನ್ನೊಂದು ದಿಕ್ಕಿನವು ಬೇರೆ ದೂರದಲ್ಲಿ ಸ್ಪಷ್ಟವಾಗುತ್ತವೆ. ಇದನ್ನು ಸರಿಪಡಿಸುವ ಶಕ್ತಿಯೇ ಸಿಲಿಂಡರ್, ಅದನ್ನು ಕೂರಿಸುವ ದಿಕ್ಕೇ ಆಕ್ಸಿಸ್. ನಿಮ್ಮ ನಂಬರಿನ ಪ್ರಕಾರ ಬಲಗಣ್ಣಿಗೆ ನೆಟ್ಟಗಿನ ಗೆರೆಗಳು ಶ್ರಮವಿಲ್ಲದೆ ಕಾಣುವುದು 50 ಸೆಂಟಿಮೀಟರಿನಲ್ಲಿ, ಅಡ್ಡಗೆರೆಗಳು 80 ಸೆಂಟಿಮೀಟರಿನಲ್ಲಿ. ಹಾಗಾಗಿ ಬಟ್ಟೆ ಹತ್ತಿರ ಬಂದಾಗ ಅಡ್ಡ ಎಳೆಗಳೇ ಮೊದಲು ಮಸುಕಾಗುತ್ತವೆ. ಅಕ್ಷರ ಓದುವವರಿಗೆ 0.75 ದೊಡ್ಡ ಸಂಗತಿಯಲ್ಲ. ಹಾಸು ಹೊಕ್ಕು ಎರಡನ್ನೂ ಎಣಿಸುವ ನಿಮಗೆ ಅದು ದೊಡ್ಡದೇ. ಮನೆಯಲ್ಲೇ ಪರೀಕ್ಷಿಸಬಹುದು: ಎಡಗಣ್ಣು ಮುಚ್ಚಿ, ಕನ್ನಡಕವಿಲ್ಲದೆ ಬಟ್ಟೆ ನೋಡಿ, ಯಾವ ದಿಕ್ಕಿನ ಎಳೆ ಮಸುಕು ಎಂದು ಗಮನಿಸಿ, ಬಟ್ಟೆಯನ್ನು ಕಾಲು ಸುತ್ತು ತಿರುಗಿಸಿ. ಮೊದಲು ಮಸುಕಾಗಿದ್ದ ಎಳೆಗಳು ಈಗ ಸ್ಪಷ್ಟವಾದರೆ ತೊಂದರೆ ಸಿಲಿಂಡರಿನದು.

ಜಾತ್ರೆಯ ಕನ್ನಡಕ ಏಕೆ ತಲೆ ತಿರುಗಿಸಿತು ಎಂಬುದೂ ಇದೇ ಲೆಕ್ಕದಿಂದ ತಿಳಿಯುತ್ತದೆ. ನಿಮ್ಮ ಕಣ್ಣಿನಲ್ಲಿ ಮೊದಲೇ ಇರುವ 1.25 ಮತ್ತು 1.75ರ ಮೇಲೆ ಅದು ಇನ್ನೂ 2 ಕೂಡಿಸಿ, ಒಟ್ಟು 3.25 ಮತ್ತು 3.75 ಮಾಡಿತು. ಅಂದರೆ ಒಂದು ಕಣ್ಣಿಗೆ 31 ಸೆಂಟಿಮೀಟರಿನಿಂದಾಚೆ, ಇನ್ನೊಂದಕ್ಕೆ 27 ಸೆಂಟಿಮೀಟರಿನಿಂದಾಚೆ ಇರುವುದೆಲ್ಲ ಮಸುಕು. ಸಿಲಿಂಡರ್ ಅದರಲ್ಲಿ ಇರುವುದೇ ಇಲ್ಲ. ಜೊತೆಗೆ ಅದರ ಎರಡು ಲೆನ್ಸುಗಳ ಕೇಂದ್ರಗಳ ಅಂತರ ಎಲ್ಲರಿಗೂ ಒಂದೇ ಅಳತೆಯದು. ಹತ್ತಿರ ನೋಡುವಾಗ ನಮ್ಮ ಪಾಪೆಗಳು ಮೂರು ನಾಲ್ಕು ಮಿಲಿಮೀಟರ್ ಒಳಕ್ಕೆ ಸರಿಯುವುದರಿಂದ, ಕೇಂದ್ರ ಹೊರಗುಳಿದ ಪ್ಲಸ್ ಲೆನ್ಸು ಕಣ್ಣುಗಳನ್ನು ಇನ್ನಷ್ಟು ಒಳಕ್ಕೆ ತಿರುಗಿಸುವಂತೆ ಎಳೆಯುತ್ತದೆ. ರೆಡಿಮೇಡ್ ಕನ್ನಡಕವೇ ಕೆಟ್ಟದ್ದು ಎಂದು ಮಾತ್ರ ತೀರ್ಮಾನಿಸಬೇಡಿ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ, ದೂರದ ದೃಷ್ಟಿ ಚೆನ್ನಾಗಿದ್ದ ಕೆಲಸಗಾರರಿಗೆ ಹತ್ತಿರದ ಕನ್ನಡಕ ಕೊಟ್ಟು ನಡೆಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಕನ್ನಡಕ ಪಡೆದವರು ಕೀಳುವ ಎಲೆಯ ತೂಕದಲ್ಲಿ, ಪಡೆಯದವರಿಗೆ ಹೋಲಿಸಿದರೆ, ಶೇಕಡಾ 20ಕ್ಕೂ ಹೆಚ್ಚು ಏರಿಕೆ ಕಂಡಿತು. ದೂರಕ್ಕೆ ನಂಬರಿಲ್ಲದ, ಎರಡೂ ಕಣ್ಣು ಸಮವಾಗಿರುವ, ಸಿಲಿಂಡರ್ ಇಲ್ಲದವರಿಗೆ ಅಗ್ಗದ ಸಾಮಾನ್ಯ ಪ್ಲಸ್ ಕನ್ನಡಕವೂ ಬದುಕಿಗೆ ಆಸರೆಯಾದೀತು. ನಿಮ್ಮ ಕಣ್ಣು ಆ ವರ್ಗಕ್ಕೆ ಸೇರಿಲ್ಲ, ಅಷ್ಟೇ.

ಹಾಗಾದರೆ ಏನು ಮಾಡಿಸಬೇಕು? ಕಸೂತಿಗೆಂದೇ ಪ್ರತ್ಯೇಕವಾಗಿ, ಲೆನ್ಸಿನ ಉದ್ದಗಲಕ್ಕೂ ಒಂದೇ ಶಕ್ತಿಯಿರುವ, ಅಂದರೆ ಸಿಂಗಲ್ ವಿಷನ್ ಹತ್ತಿರದ ಕನ್ನಡಕವನ್ನು ಮಾಡಿಸಿ ಎಂಬುದು ನನ್ನ ಸಲಹೆ. 30 ಸೆಂಟಿಮೀಟರಿಗೆ 3.33 ಬೇಕು, ಕಣ್ಣು ಆರಾಮವಾಗಿ 1.00 ಕೊಡುತ್ತದೆ ಎಂದಿಟ್ಟುಕೊಂಡರೆ ಆಡ್ ಸುಮಾರು 2.25 ಆಗುತ್ತದೆ. ದೂರದ ನಂಬರಿಗೆ ಅದನ್ನು ಕೂಡಿಸಿದರೆ ಬಲಗಣ್ಣಿಗೆ ಪ್ಲಸ್ 1.00, ಸಿಲಿಂಡರ್ ಮೈನಸ್ 0.75, ಆಕ್ಸಿಸ್ 90. ಎಡಗಣ್ಣಿಗೆ ಪ್ಲಸ್ 0.50. ಇದು ಚೀಟಿಯ ಮೇಲಿನ ಲೆಕ್ಕ. ಇದನ್ನೇ ಒಯ್ದು ಲೆನ್ಸ್ ಮಾಡಿಸಬೇಡಿ. ಲೆನ್ಸು ಬದಲಿಸಿ ನೋಡುವ ಟ್ರಯಲ್ ಫ್ರೇಮಿನಲ್ಲಿ ಹಾಕಿ, ನಿಮ್ಮ ಬಟ್ಟೆಯನ್ನೇ ಹಿಡಿದು, ಆಡ್ 2.00 ಹಿತವೋ 2.25 ಹಿತವೋ ಎಂದು ಕಣ್ಣನ್ನೇ ಕೇಳಬೇಕು. ಎರಡರಲ್ಲೂ ಎಳೆ ಒಂದೇ ರೀತಿ ಕಂಡರೆ ಕಡಿಮೆಯದನ್ನು ಆರಿಸಿಕೊಳ್ಳಿ, ಏಕೆಂದರೆ ಶಕ್ತಿ ಕಡಿಮೆಯಿದ್ದಷ್ಟೂ ಬಟ್ಟೆಯನ್ನು ಹಿಂದೆ ಮುಂದೆ ಸರಿಸಲು ಹೆಚ್ಚು ಜಾಗ ಸಿಗುತ್ತದೆ.

ಈ ಕನ್ನಡಕದ ಮಿತಿಯನ್ನೂ ಹೇಳಬೇಕು. 2.25ರ ಆಡ್ ಇದ್ದಾಗ 44 ಸೆಂಟಿಮೀಟರಿನಿಂದಾಚೆ ಎಲ್ಲವೂ ಮಸುಕಾಗುತ್ತದೆ. ಅದನ್ನು ಹಾಕಿಕೊಂಡೇ ಎದ್ದು ಓಡಾಡಿದರೆ ಹೊಸ್ತಿಲು ಎಡವಬಹುದು, ಮೆಟ್ಟಿಲಿನ ಅಂಚು ಮೋಸ ಮಾಡಬಹುದು. ಸ್ಕೂಟರ್ ಹತ್ತುವುದಂತೂ ಕೂಡದು. ಹುಡುಗಿಯರ ಕೆಲಸವನ್ನು ಮೇಜಿನಾಚೆಯಿಂದ ನೋಡಲೂ ಅದು ಒದಗುವುದಿಲ್ಲ. ಅಲ್ಲಿ ನಿಮ್ಮ ಅದೃಷ್ಟ ಒಳ್ಳೆಯದಿದೆ: ಅಷ್ಟು ದೂರಕ್ಕೆ ನಿಮ್ಮ ಬರಿಗಣ್ಣೇ ಸಾಕು. ಕನ್ನಡಕಕ್ಕೆ ಕೊರಳದಾರ ಹಾಕಿ ಇಳಿಬಿಟ್ಟರೆ ಕಲಿಸುವ ಹೊತ್ತು ಸಲೀಸಾಗಿ ಕಳೆಯುತ್ತದೆ.

ತೆಗೆಯುವುದು ಹಾಕುವುದು ನಿಮಗೆ ಕಿರಿಕಿರಿ ಎನಿಸಿದರೆ ಇನ್ನೊಂದು ದಾರಿಯಿದೆ. ಆಫೀಸ್ ಲೆನ್ಸ್ ಎಂದು ಅಂಗಡಿಗಳಲ್ಲಿ ಕರೆಯುವ ಬಗೆಯಲ್ಲಿ ಕೆಳಭಾಗ ನಿಮ್ಮ 30 ಸೆಂಟಿಮೀಟರಿಗೆ, ಮೇಲ್ಭಾಗ ಮುಕ್ಕಾಲು ಮೀಟರಿನಷ್ಟಕ್ಕೆ ಹೊಂದಿರುತ್ತದೆ. ದೂರದ ಭಾಗವನ್ನೇ ಬಿಟ್ಟುಕೊಟ್ಟಿರುವುದರಿಂದ ಶಕ್ತಿಯ ಏರಿಳಿತ ಕಡಿಮೆ, ಆದ್ದರಿಂದ ಸ್ಪಷ್ಟವಾದ ಜಾಗ ಪ್ರೊಗ್ರೆಸಿವ್‌ಗಿಂತ ಅಗಲ. ಬೆಲೆ ಸಿಂಗಲ್ ವಿಷನ್‌ಗಿಂತ ಸಾಕಷ್ಟು ಹೆಚ್ಚು, ರಸ್ತೆಗೆ ಇದೂ ನಡೆಯದು. ಬ್ಯಾಂಕಿನಲ್ಲಿ, ಕಚೇರಿಯಲ್ಲಿ ಕಂಪ್ಯೂಟರ್ ಮತ್ತು ಕಾಗದಗಳ ನಡುವೆ ದಿನ ಕಳೆಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ; ನಿಮಗೆ ಎರಡನೆಯ ಆಯ್ಕೆಯಾಗಿ ಇರಲಿ. ಕೆಳಗೆ ಅರ್ಧಚಂದ್ರದಂತೆ ಗೆರೆ ಕಾಣುವ ಬೈಫೋಕಲ್ ಈಗ ಹಳೆಯ ಕಾಲದ್ದೆನಿಸಿದರೂ ಅದರ ಹತ್ತಿರದ ಕಿಟಕಿ ಅಗಲವಾಗಿರುತ್ತದೆ, ಬೆಲೆ ಕಡಿಮೆ. ಆದರೆ ಗೆರೆ ದಾಟುವಾಗ ವಸ್ತು ಜಿಗಿದಂತೆ ಕಾಣುತ್ತದೆ, ನಡುದೂರ ಸಿಗುವುದಿಲ್ಲ, ಎದೆಮಟ್ಟದ ಕೆಲಸಕ್ಕೆ ಇದರಲ್ಲೂ ಗದ್ದ ಎತ್ತಬೇಕು. ಒಂದು ಕಣ್ಣನ್ನು ದೂರಕ್ಕೂ ಇನ್ನೊಂದನ್ನು ಹತ್ತಿರಕ್ಕೂ ಹೊಂದಿಸುವ ಕಾಂಟ್ಯಾಕ್ಟ್ ಲೆನ್ಸ್ ವಿಧಾನದಲ್ಲಿ ಆಳದ ಅಂದಾಜು ಕುಗ್ಗುತ್ತದೆ, ಸೂಜಿಯ ಕೆಲಸದವರಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಬ್ಲೂ ಕಟ್ ವಿಚಾರ ಚುಟುಕಾಗಿ ಮುಗಿಸಬಹುದು. ನೀಲಿ ಬೆಳಕು ತಡೆಯುವ ಲೆನ್ಸುಗಳ ಬಗ್ಗೆ ನಡೆದ 17 ಪ್ರಯೋಗಗಳನ್ನು ಒಟ್ಟುಗೂಡಿಸಿ, ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಸಾಮಾನ್ಯ ಲೆನ್ಸಿಗೆ ಹೋಲಿಸಿದರೆ ಕಂಪ್ಯೂಟರ್ ಕೆಲಸದ ಕಣ್ಣಿನ ದಣಿವನ್ನು ಅವು ಅಲ್ಪಾವಧಿಯಲ್ಲಿ ಕಡಿಮೆ ಮಾಡುವಂತೆ ಕಾಣುವುದಿಲ್ಲ. ಪರದೆ ನೋಡುವಾಗ ಕಣ್ಣು ಉರಿಯುವುದು ಬಹುಪಾಲು ರೆಪ್ಪೆ ಬಡಿಯುವುದನ್ನು ಮರೆಯುವುದರಿಂದ, ಕಸೂತಿಯಲ್ಲೂ ಅದೇ ಆಗುತ್ತದೆ. ಆಗಾಗ ತಲೆಯೆತ್ತಿ ಕಿಟಕಿಯಾಚೆ ನೋಡಿ, ನಾಲ್ಕು ಬಾರಿ ಪೂರ್ಣ ರೆಪ್ಪೆ ಮುಚ್ಚಿ ತೆರೆದರೆ ಖರ್ಚಿಲ್ಲದೆ ಹೆಚ್ಚು ಲಾಭ. ದಾರದ ಬಣ್ಣ ಹೊಂದಿಸುವ ನಿಮ್ಮಂಥವರಿಗೆ ಹಳದಿ ಛಾಯೆಯ ಲೆನ್ಸ್ ತೊಡಕೇ ಆಗಬಹುದು. ಅದರ ಬದಲು ಪ್ರತಿಫಲನ ತಡೆಯುವ ಲೇಪನಕ್ಕೆ ಹಣ ಕೊಡಿ. ಪಕ್ಕದಲ್ಲಿ ದೀಪ ಇಟ್ಟುಕೊಂಡು ಕೆಲಸ ಮಾಡುವವರಿಗೆ ಅದು ನಿಜಕ್ಕೂ ಉಪಯೋಗ. ಇಷ್ಟು ಸಣ್ಣ ನಂಬರಿಗೆ ತೆಳುವಾದ ಹೈ ಇಂಡೆಕ್ಸ್ ಲೆನ್ಸ್ ಬೇಡ, ಸಿಆರ್ 39 ಎಂಬ ಸಾಮಾನ್ಯ ಪ್ಲಾಸ್ಟಿಕ್ ಲೆನ್ಸಿನ ಸ್ಪಷ್ಟತೆಯೇ ಹೆಚ್ಚು. ಪಾಲಿಕಾರ್ಬೊನೇಟ್ ಬೇಕಾಗುವುದು ಕಿಡಿ, ಚೂರು ಸಿಡಿಯುವ ಕೆಲಸದವರಿಗೆ.

ನೆರೆಯವರು ಹೇಳಿದ ಹನಿಯ ಸುದ್ದಿ ಪೂರ್ತಿ ಸುಳ್ಳಲ್ಲ. ಪೈಲೋಕಾರ್ಪಿನ್ ಎಂಬ, ಗ್ಲಾಕೋಮಾಕ್ಕೆ ಬಹುಕಾಲದಿಂದ ಬಳಸುತ್ತಿದ್ದ ಔಷಧದ ಹನಿಗೆ ಚಾಳೀಸಿಗಾಗಿ ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ 2024ರಲ್ಲಿ ಅಂಥದೊಂದು ಹನಿಗೆ ಸಿಕ್ಕ ಅನುಮತಿಯನ್ನು, ಓದುವ ಕನ್ನಡಕವೇ ಬೇಡವಾಗುತ್ತದೆ ಎಂಬ ಪ್ರಚಾರ ಎದ್ದ ಬೆನ್ನಲ್ಲೇ, ಔಷಧ ನಿಯಂತ್ರಕರು ಸೆಪ್ಟೆಂಬರಿನಲ್ಲಿ ತಡೆಹಿಡಿದರು. ಈ ಹನಿ ಕಣ್ಣಿನ ಪಾಪೆಯನ್ನು ಕಿರಿದಾಗಿಸಿ ಕೆಲವು ತಾಸು ಹತ್ತಿರದ್ದನ್ನು ತುಸು ಸ್ಪಷ್ಟಗೊಳಿಸುತ್ತದೆ. ಪಾಪೆ ಕಿರಿದಾದರೆ ಒಳಗೆ ಹೋಗುವ ಬೆಳಕು ಕಡಿಮೆಯಾಗುತ್ತದೆ. ಕಪ್ಪು ಬಟ್ಟೆಯ ಮೇಲೆ ಎಳೆ ಎಣಿಸುವವರಿಗೆ ಬೇಕಾದದ್ದಕ್ಕೆ ಇದು ನೇರ ವಿರುದ್ಧ. ತಲೆನೋವು ಬರಬಹುದು, ಮೈನಸ್ ಕಣ್ಣಿನವರಲ್ಲಿ ಅಪರೂಪವಾಗಿ ಅಕ್ಷಿಪಟಲ, ಅಂದರೆ ಕಣ್ಣಿನ ಹಿಂಬದಿಯಲ್ಲಿ ಬಿಂಬ ಮೂಡುವ ಪದರ, ಹರಿಯುವ ಅಪಾಯವೂ ಇದೆ. ವೈದ್ಯರು ಪಟಲ ಪರೀಕ್ಷಿಸದೆ ಇಂಥದ್ದನ್ನು ಮುಟ್ಟಬೇಡಿ.

ಚಂದ್ರಕಾಳಿಯ ತೊಂದರೆಯನ್ನು ಕನ್ನಡಕವೊಂದೇ ಪರಿಹರಿಸಲಾರದು. ವಯಸ್ಸಾದಂತೆ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ, ಹುಡುಗಿಯರಿಗೆ ಸಾಕಾಗುವ ಬೆಳಕು ನಿಮಗೆ ಸಾಲದು. ಕಪ್ಪು ಬಟ್ಟೆ ಇದ್ದ ಬೆಳಕನ್ನೂ ನುಂಗುತ್ತದೆ. ಛಾವಣಿಯ ಟ್ಯೂಬ್‌ಲೈಟನ್ನೇ ನಂಬದೆ, ಬಾಗಿಸಬಹುದಾದ ಎಲ್‌ಇಡಿ ಮೇಜುದೀಪವನ್ನು ಬಲಗೈಯವರಾದರೆ ಎಡಬದಿಯಿಂದ, ಬಲ್ಬು ಕಣ್ಣಿಗೆ ನೇರವಾಗಿ ಬೀಳದಂತೆ ಇಟ್ಟುಕೊಳ್ಳಿ. ಮಡಿಲಲ್ಲಿ ಬಿಳಿ ಬಟ್ಟೆ ಹಾಸಿಕೊಂಡರೆ ಎಳೆಗಳ ನಡುವಿನ ಸಂದುಗಳು ಕೆಳಗಿನ ಬಿಳುಪಿನಿಂದ ಎದ್ದು ಕಾಣುತ್ತವೆ. ಇದನ್ನು ನನಗೆ ಕಲಿಸಿದವರು ನಿಮ್ಮಂಥ ಕೆಲಸಗಾರ್ತಿಯರೇ. ಅಷ್ಟಕ್ಕೂ ಸಾಲದಿದ್ದರೆ ದೀಪ ಕೂಡಿಸಿದ ಸ್ಟ್ಯಾಂಡಿನ ಭೂತಗನ್ನಡಿ ಬಳಸಿ. ಕನ್ನಡಕದ ಶಕ್ತಿಯನ್ನೇ ಮೂರು ನಾಲ್ಕಕ್ಕೆ ಏರಿಸಿಕೊಂಡರೆ ಬಟ್ಟೆ ಮೂಗಿನ ಬಳಿ ಬರಬೇಕಾಗುತ್ತದೆ, ಎರಡೂ ಕಣ್ಣು ಅಷ್ಟು ಒಳಕ್ಕೆ ತಿರುಗಿ ಬಹಳ ಹೊತ್ತು ನಿಲ್ಲಲಾರವು.

ಇಷ್ಟೆಲ್ಲ ಹೇಳಿದರೂ, ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಸಾಲು ತಾಯಿಯ ಗ್ಲಾಕೋಮಾದ್ದು. ತಂದೆತಾಯಿ, ಒಡಹುಟ್ಟಿದವರಿಗೆ ಗ್ಲಾಕೋಮಾ ಇದ್ದರೆ ನಮಗೆ ಬರುವ ಸಾಧ್ಯತೆ ಇತರರಿಗಿಂತ ಹೆಚ್ಚು, ಮೈನಸ್ ನಂಬರು ಅದಕ್ಕೆ ಇನ್ನಷ್ಟು ಕೂಡುತ್ತದೆ. ಬಹುಪಾಲು ಮಂದಿಯಲ್ಲಿ ಇದು ನೋವಿಲ್ಲದೆ, ಅಂಚಿನ ದೃಷ್ಟಿಯಿಂದ ಶುರುವಾಗಿ ನರವನ್ನು ತಿನ್ನುತ್ತದೆ, ಹೋದ ದೃಷ್ಟಿ ಮರಳುವುದಿಲ್ಲ. ಅಂಗಡಿಯ ಕಂಪ್ಯೂಟರ್ ತಪಾಸಣೆ ಇದನ್ನು ನೋಡುವುದೇ ಇಲ್ಲ. ಹೊಸ ಕನ್ನಡಕಕ್ಕೆ ಮೊದಲು ನೇತ್ರವೈದ್ಯರ ಬಳಿ ಹೋಗಿ, ತಾಯಿಯ ವಿಷಯ ಹೇಳಿ, ಕಣ್ಣಿನ ಒತ್ತಡ ಮತ್ತು ದೃಷ್ಟಿನರದ ತಪಾಸಣೆ ಮಾಡಿಸಿಕೊಳ್ಳಿ. ಜಿಲ್ಲಾ ಆಸ್ಪತ್ರೆಯಲ್ಲೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ಇದು ಆಗುತ್ತದೆ. ರಕ್ತದ ಸಕ್ಕರೆಯನ್ನೂ ನೋಡಿಸಿ. ಸಕ್ಕರೆ ಏರುಪೇರಾಗಿರುವಾಗ, ಅಥವಾ ಮಾತ್ರೆ ಹೊಸದಾಗಿ ಶುರುವಾದ ವಾರಗಳಲ್ಲಿ ಕಣ್ಣಿನ ನಂಬರು ತಾನೂ ಓಲಾಡುತ್ತದೆ, ಆಗ ಮಾಡಿಸಿದ ಕನ್ನಡಕ ತಿಂಗಳೊಳಗೆ ಒಗ್ಗದಂತಾಗುತ್ತದೆ. ಮುಂದೊಮ್ಮೆ, ಅರವತ್ತರ ಸುಮಾರಿಗೆ, ಕನ್ನಡಕವಿಲ್ಲದೆ ಇದ್ದಕ್ಕಿದ್ದಂತೆ ಹತ್ತಿರದ್ದು ಇನ್ನೂ ಚೆನ್ನಾಗಿ ಕಾಣತೊಡಗಿದರೆ ಹಿಗ್ಗಬೇಡಿ, ಕಣ್ಣಿನ ಪೊರೆ ಶುರುವಾಗುವಾಗ ಹಾಗಾಗುವುದುಂಟು. ಕಣ್ಣಲ್ಲಿ ಮಿಂಚು ಹೊಡೆದಂತಾಗುವುದು, ಕಪ್ಪು ಚುಕ್ಕೆಗಳ ಮಳೆ, ಒಂದು ಬದಿಯಿಂದ ಪರದೆ ಇಳಿದಂತಾಗುವುದು, ನೋವಿನೊಡನೆ ದೀಪದ ಸುತ್ತ ಬಣ್ಣದ ಬಳೆಗಳು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ನಂಬರು ತೆಗೆಸಲು ಹೋಗುವಾಗ ರಿಂಗು, ಸೂಜಿ, ದಾರ, ಕಪ್ಪು ಬಟ್ಟೆಯ ಒಂದು ತುಂಡು ಜೊತೆಗಿರಲಿ. ಮೊದಲೇ ಮನೆಯಲ್ಲಿ, ಕೆಲಸದಲ್ಲಿ ಮೈಮರೆತಿರುವಾಗ, ಕಣ್ಣಿನ ಹೊರಮೂಲೆಯಿಂದ ಬಟ್ಟೆಯವರೆಗೆ ಎಷ್ಟು ದೂರ ಎಂದು ಮಗನಿಂದ ಟೇಪು ಹಿಡಿಸಿ ಅಳೆಸಿಕೊಳ್ಳಿ. ಅಳೆಯುತ್ತಾರೆಂದು ಗೊತ್ತಾದರೆ ಎಲ್ಲರೂ ನೆಟ್ಟಗೆ ಕುಳಿತುಬಿಡುತ್ತಾರೆ, ಅಳತೆ ಸುಳ್ಳಾಗುತ್ತದೆ. 30 ಎಂದು ನಾನು ಹಿಡಿದದ್ದು ನಿಮ್ಮಲ್ಲಿ 27 ಆಗಿರಬಹುದು, 35 ಆಗಿರಬಹುದು, ಆಡ್ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಚೀಟಿಯ ಮೇಲೆ ಆ ದೂರವನ್ನೂ, ಹತ್ತಿರ ನೋಡುವಾಗಿನ ಪಾಪೆಗಳ ಅಂತರವನ್ನೂ ಬರೆಸಿಕೊಳ್ಳಿ. ದೂರದ ಅಂತರ ಹಾಕಿ ಲೆನ್ಸ್ ಕೂರಿಸಿದರೆ ಜಾತ್ರೆಯ ಕನ್ನಡಕದ ಎಳೆತವೇ ಸಣ್ಣ ಪ್ರಮಾಣದಲ್ಲಿ ಇಲ್ಲೂ ಬರುತ್ತದೆ. ಹೊಸದು ಕೈಗೆ ಬಂದ ಮೇಲೆ ವಾರ ಹತ್ತು ದಿನ ದಿನವೂ ಬಳಸಿ ನೋಡಿ, ಆಮೇಲೂ ತಲೆನೋವು ಉಳಿದರೆ ಅದೇ ಚೀಟಿ ಹಿಡಿದು ಮತ್ತೆ ಹೋಗಿ ಮರುಪರೀಕ್ಷೆ ಕೇಳಿ. ಇದಕ್ಕಾಗಿ ಹೊಸ ಫ್ರೇಮ್ ಕೊಳ್ಳುವ ಅಗತ್ಯವಿಲ್ಲ. ಪ್ರೊಗ್ರೆಸಿವ್‌ಗೆ ಮೊದಲು ಬಳಸುತ್ತಿದ್ದ ಹಳೆಯ ಫ್ರೇಮ್ ಮನೆಯಲ್ಲಿದ್ದು, ಅದರ ಕಾಲು ಸಡಿಲವಾಗಿರದಿದ್ದರೆ, ಈ ಲೆನ್ಸುಗಳನ್ನು ಅದರಲ್ಲೇ ಕೂರಿಸಿಕೊಡುತ್ತಾರೆ.